ಎಂಟರ್ ಗುಂಡಿಗೆ ಕುಂಕುಮ

ಬಸವಣ್ಣೆವ್ವನ ಪಂಚಾಂಗಕ್ಕೂ ಚಾಕಣದ ಕಾರ್ಖಾನೆಯ ಗಡಿಯಾರಕ್ಕೂ ಮೂರು ತಾಸಿನ ಅಂತರ ಬಿದ್ದದ್ದೇ ಮಾಂತುವಿನ ತಾಪತ್ರಯಕ್ಕೆಲ್ಲ ಮೂಲ.

೧೯೯೯ರ ಖಂಡೇನವಮಿ. ಪುಣೆಯ ಬಿಬವೇವಾಡಿಯಲ್ಲಿ ಗೋಕಾಕದ ಶಿವಪ್ಪನವರದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ. ಕೆಳಗೆ ಯಂತ್ರಗಳು, ಮೇಲೆ ಆಫೀಸು, ಆಫೀಸಿನ ಪಕ್ಕದ ಬಾಗಿಲು ತೆರೆದರೆ ಮನೆ. ಹೀಗಾಗಿ ಶಿವಪ್ಪನವರ ತಾಯಿ ಬಸವಣ್ಣೆವ್ವನಿಗೆ ಅಡುಗೆಮನೆಯಿಂದ ಆಫೀಸಿಗೆ ಹದಿನಾಲ್ಕೇ ಹೆಜ್ಜೆ. ದಿನಕ್ಕೆ ಇಪ್ಪತ್ತು ಸಲವಾದರೂ ಅಷ್ಟು ಹೆಜ್ಜೆ ಹಾಕುತ್ತಿದ್ದರು.

ಆಯುಧಗಳ ಪೂಜೆ ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎಂದು ಅವರು ಸಾರಿದ್ದರು. ಪೂಜೆಯಾದ ಮೇಲೆ ಮರುದಿನ ಬೆಳಿಗ್ಗೆ ಮನೆಯಲ್ಲಿ ಬನ್ನಿ ಹಂಚುವವರೆಗೂ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ರಟ್ಟು ಕೊಯ್ಯುವ ಯಂತ್ರ, ಪಿನ್ನು ಹೊಡೆಯುವ ಯಂತ್ರ, ಕತ್ತರಿ, ತಕ್ಕಡಿ ಎಲ್ಲಕ್ಕೂ ಒಂದೇ ಕಾಯಿದೆ. ಎರಡು ವರ್ಷದಿಂದ ಕಂಪ್ಯೂಟರೂ ಆ ಪಟ್ಟಿಗೆ ಸೇರಿತ್ತು.

ಆದರೆ ಅವರ ಪೆಟ್ಟಿಗೆಗಳನ್ನು ಕೊಳ್ಳುತ್ತಿದ್ದ, ಪುಣೆಯ ಹೊರಗಿನ ಚಾಕಣದ ಬಿಡಿಭಾಗಗಳ ಕಾರ್ಖಾನೆ ವಿದೇಶಿ ಪಾಲುದಾರರದು. ಅವರ ಕ್ಯಾಲೆಂಡರಿನಲ್ಲಿ ಖಂಡೇನವಮಿಯೂ ಇರಲಿಲ್ಲ, ದಸರೆಯೂ ಇರಲಿಲ್ಲ. ನಾಳೆ ಎಷ್ಟು ಲಾರಿ, ಎಷ್ಟು ಪೆಟ್ಟಿಗೆ ಬರುತ್ತವೆ ಎಂಬ ಪತ್ರ ಇಂದು ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಈಮೇಲಿನಲ್ಲಿ ಹೋಗಬೇಕು. ಮೂರಕ್ಕಿಂತ ಮೊದಲು ಹೋದದ್ದು ಇಂದಿನ ಲೆಕ್ಕಕ್ಕೆ ಸೇರುತ್ತದೆ. ನಾಲ್ಕರ ನಂತರ ಹೋದದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಈಮೇಲ್ ತಪ್ಪಿದರೆ ಮರುದಿನ ಒಬ್ಬ ಮನುಷ್ಯ ಕಾಗದ ಹಿಡಿದು ಚಾಕಣದ ಗೇಟಿನಲ್ಲಿ ಬೆಳಗಿನಿಂದ ನಿಲ್ಲಬೇಕು.

ಆ ಒಬ್ಬ ಮನುಷ್ಯ ಮಾಂತು. ಧಾರವಾಡದವನು, ವಯಸ್ಸು ಇಪ್ಪತ್ತೊಂಬತ್ತು, ಕಂಪನಿಯಲ್ಲಿ ಮಾಲು ಕಳಿಸುವ ಗುಮಾಸ್ತ. ಈಗಾಗಲೇ ಎರಡು ಸಲ ಆ ಗೇಟಿನಲ್ಲಿ ನಿಂತಿದ್ದ. ಎರಡು ಸಲವೂ ಅದೇ ದಿನ ಅವನು ಬೆಳಗಾವಿಯಲ್ಲಿ ಕನ್ಯೆ ನೋಡಲು ಹೋಗಬೇಕಾಗಿತ್ತು. ಕನ್ಯೆಯ ಹೆಸರು ರೇಣು. ಎರಡನೆಯ ಸಲ ಅವಳ ತಂದೆ ಫೋನಿನಲ್ಲಿ ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು: “ದಸರಾ ದಿನ ಬಂದ್ರ ಬರ್ರಿ. ಇಲ್ಲಂದ್ರ ಹುಬ್ಬಳ್ಳಿ ಬ್ಯಾಂಕಿನ ಹುಡುಗ ಒಬ್ಬಾಂವ ಇದ್ದಾನ. ಅವನ ಬ್ಯಾಂಕಿಗೆ ಹಬ್ಬದ ದಿನ ಸೂಟಿ ಇರ್ತದ.”

ಮಾಂತು ರಜೆ ಕೇಳಿದಾಗ ಶಿವಪ್ಪನವರು ತಲೆ ಕೆರೆದುಕೊಂಡರು. “ಅವ್ವನ ಮಾತ ಮೀರೂಹಂಗಿಲ್ಲ. ಪ್ಲಾಂಟಿನವರ ಮಾತೂ ಮೀರೂಹಂಗಿಲ್ಲ. ನಡುವ ನೀ ಇದ್ದೀಯಲ್ಲ, ನೀನ ನೋಡ್ಕೊ. ಪತ್ರ ಹೋತಂದ್ರ ಬೆಳಗಾವಿ. ಇಲ್ಲಂದ್ರ ಚಾಕಣ.”

ಮಾಂತು ನೋಡಿಕೊಂಡಿದ್ದ. ಎಂಟು ದಿನಗಳ ಹಿಂದೆ ಅಪ್ಪಾ ಬಳವಂತ ಚೌಕಿನ ಹಳೇ ಪುಸ್ತಕದ ಅಂಗಡಿಯಲ್ಲಿ, ಹಿಂದಿನ ರಟ್ಟು ಹೋಗಿದ್ದ ಒಂದು ಕಂಪ್ಯೂಟರ್ ಪುಸ್ತಕ ಕೊಂಡು ತಂದಿದ್ದ. ಪತ್ರ ಬರೆಯುವ ವರ್ಡ್‌ನೊಳಗೆ ನಾವು ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟರೆ ಅದು ತಾನೇ ಒಂದೊಂದಾಗಿ ಮಾಡುತ್ತದೆ, ಅದಕ್ಕೆ ಮ್ಯಾಕ್ರೋ ಎನ್ನುತ್ತಾರೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ವರ್ಡ್‌ನಲ್ಲಿ ಕುಳಿತುಕೊಂಡೇ ಬೇರೆ ತಂತ್ರಾಂಶಗಳನ್ನು ಎಬ್ಬಿಸಿ ಅವುಗಳ ಕೈಲಿ ದುಡಿಸಬಹುದು, ಅದೂ ಇಂಥ ಹೊತ್ತಿಗೇ ಆಗಲಿ ಎಂದು ವೇಳೆ ಗೊತ್ತುಮಾಡಬಹುದು ಎಂಬುದು ಮಾತ್ರ ಹೊಸ ಸಂಗತಿ. ಶಿವಪ್ಪನವರು ಕುರ್ಚಿ ಬಿಟ್ಟೇಳದೆ ಒಬ್ಬನನ್ನು ಕೂಗಿ ಲೆಕ್ಕ ತರಿಸಿ, ಇನ್ನೊಬ್ಬನನ್ನು ಕೂಗಿ ಟಪಾಲು ಕಳಿಸುವುದಿಲ್ಲವೇ? ಹಾಗೆಯೇ ಇದು.

ಎಂಟು ಸಂಜೆ ಕುಳಿತು ಮಾಂತು ಮ್ಯಾಕ್ರೋ ಬರೆದ. ಮೂರೂ ಕಾಲಿಗೆ ವರ್ಡ್ ಎಚ್ಚರಗೊಳ್ಳುತ್ತದೆ. ಎಕ್ಸೆಲ್ಲನ್ನು ಎಬ್ಬಿಸಿ ಅದರಿಂದ ಲಾರಿ, ಪೆಟ್ಟಿಗೆಗಳ ಸಂಖ್ಯೆ ತೆಗೆದು ಪತ್ರದಲ್ಲಿ ಕೂರಿಸುತ್ತದೆ. ಆಮೇಲೆ ಔಟ್‌ಲುಕ್ಕನ್ನು ಎಬ್ಬಿಸಿ ಪತ್ರವನ್ನು ಅದರ ಕೈಗೆ ಕೊಡುತ್ತದೆ. ಔಟ್‌ಲುಕ್ ಫೋನಿನ ತಂತಿ ಹಿಡಿದು ಪತ್ರವನ್ನು ಚಾಕಣಕ್ಕೆ ಮುಟ್ಟಿಸುತ್ತದೆ. ಯಾರ ಬೆರಳೂ ಸೋಕುವುದಿಲ್ಲ. ಬಸವಣ್ಣೆವ್ವನ ಕಾಯಿದೆಯೂ ಉಳಿಯಿತು, ಚಾಕಣದ್ದೂ ಉಳಿಯಿತು. ದಸರೆಯ ದಿನದ ಪತ್ರವೂ ಹಾಗೆಯೇ ತಾನಾಗಿ ಹೋಗುವಂತೆ ಇನ್ನೆರಡು ಸಾಲು ಸೇರಿಸಿಟ್ಟ. ರಾತ್ರಿ ಎಂಟರ ಬೆಳಗಾವಿ ಬಸ್ಸಿಗೆ ಸ್ವಾರಗೇಟ್ ನಿಲ್ದಾಣದಿಂದ ಟಿಕೀಟು ತೆಗೆಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಪೂಜೆಗೆ ಐದು ನಿಮಿಷವಿರುವಾಗ ಮೊದಲ ವಿಘ್ನ ಬಂತು.

“ಇದನ್ನ ಬಂದ್ ಮಾಡೋ ಮಾಂತೂ, ಪೂಜಿ ಮಾಡೂದದ” ಎಂದರು ಬಸವಣ್ಣೆವ್ವ, ಆರತಿ ತಟ್ಟೆ ಹಿಡಿದು.

ಕಂಪ್ಯೂಟರ್ ಬಂದ್ ಆದರೆ ಮ್ಯಾಕ್ರೋ ಎಲ್ಲಿ ಏಳುತ್ತದೆ? ಮಾಂತುವಿನ ನಾಲಿಗೆ ತಲೆಗಿಂತ ಮೊದಲು ಓಡಿತು. “ಅವ್ವಾರ, ಒಳಗ ದೀಪ ಅದರಿ ಅದರಾಗ. ಪೂಜಿ ಹೊತ್ತಿನ್ಯಾಗ ದೀಪ ಆರಿಸೂದಂದ್ರ…”

ಬಸವಣ್ಣೆವ್ವ ಪರದೆಯನ್ನು ದಿಟ್ಟಿಸಿದರು. ಮಾಂತು ಮುಂದಾಲೋಚನೆಯಿಂದ ಅಲ್ಲಿ ಲಕ್ಷ್ಮಿಯ ಚಿತ್ರ ಹಾಕಿಟ್ಟಿದ್ದ. “ಹೌದ ನೋಡು. ಇರ್ಲಿ ಇರ್ಲಿ, ನಾಳಿತನಕ ನಂದಾದೀಪ ಇದ್ದಂಗ ಇರ್ಲಿ” ಎಂದು ಕೆನ್ನೆ ಬಡಿದುಕೊಂಡರು.

ಪೂಜೆ ಸಾಂಗವಾಗಿ ನಡೆಯಿತು. ಮಾನಿಟರಿನ ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಮೌಸಿನ ಬೆನ್ನ ಮೇಲೆ ಲಿಂಬೆಹಣ್ಣು. ಕೀಬೋರ್ಡಿನ ನಾಲ್ಕು ಮೂಲೆಗೆ ಕುಂಕುಮ, ಮೇಲೆ ಒಂದು ಹಿಡಿ ಅಕ್ಷತೆ. ಒಟ್ಟಿನಲ್ಲಿ ಅದು ಮದುವೆಗೆ ಸಿದ್ಧವಾಗಿ ಕುಳಿತ ವರನ ಹಾಗೆ ಕಾಣುತ್ತಿತ್ತು. ನಾಳೆ ತಾನೂ ಹೀಗೆಯೇ ಬೆಳಗಾವಿಯಲ್ಲಿ ಕುಳಿತಿರುತ್ತೇನೆಂದು ಮಾಂತುವಿಗೆ ಒಳಗೊಳಗೇ ಪುಳಕ.

ಉಗ್ರಾಣದ ಹುಲಿಗೆಪ್ಪ ತೆಂಗಿನಕಾಯಿಯನ್ನು ಕಂಪ್ಯೂಟರಿನ ಡಬ್ಬಿಯ ಅಂಚಿಗೇ ಒಡೆಯಲು ಎತ್ತಿದ. ಮಾಂತು ಹಾರಿಬಿದ್ದು ಕೈ ಹಿಡಿದುಕೊಂಡ.

“ಕಾಯಿ ಒಡ್ಯಾಕೂ ಬಿಡೂದಿಲ್ಲೇನಪಾ ನೀ?” ಎಂದ ಹುಲಿಗೆಪ್ಪ.

“ಹೊಸ್ತಿಲಕ್ಕ ಒಡಿ ಹುಲಿಗೆಪ್ಪಣ್ಣ. ಇದು ಒಡದ್ರ ಒಳಗ ಕೊಬ್ಬರಿ ಇರೂದಿಲ್ಲ.”

ಹುಲಿಗೆಪ್ಪನಿಗೆ ಐವತ್ತರ ಆಸುಪಾಸು. ಕಂಪನಿಯಲ್ಲಿ ಅವನಿಗಿಂತ ಹಳೆಯದೆಂದರೆ ತಕ್ಕಡಿ ಮಾತ್ರ. ತನಗೆ ಸಂಬಂಧಿಸದ ಕೆಲಸವನ್ನು ಶ್ರದ್ಧೆಯಿಂದ ನೋಡಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಸವಣ್ಣೆವ್ವನಿಗೂ ಅದು ಗೊತ್ತಿತ್ತು. ಪೂಜೆ ಮುಗಿಸಿ ಒಳಗೆ ಹೋಗುವಾಗ ಅವರು ಅಪ್ಪಣೆ ಕೊಟ್ಟರು: “ಹುಲಿಗೆಪ್ಪಾ, ಇಲ್ಲೇ ಕುರ್ಚಿ ಹಾಕ್ಕೊಂಡು ಕುಂದರು. ಯಾರೂ ಮುಟ್ಟಬಾರ್ದು. ಅದರಾಗೂ ಈ ಮಾಂತೂನ ಮ್ಯಾಲೆ ಒಂದ ಕಣ್ಣಿಡು. ಇವನ ಕೈ ಸುಮ್ನ ಇರೂದಿಲ್ಲ.”

ಹುಲಿಗೆಪ್ಪ ಒಂದಲ್ಲ, ಎರಡೂ ಕಣ್ಣಿಟ್ಟ. ಶಿವಪ್ಪನವರು ಹೋಳಿಗೆ ಉಂಡು, ಭೋಸರಿಯ ಗೆಳೆಯನ ಕಾರ್ಖಾನೆಯ ಪೂಜೆಗೆಂದು ಹೊರಟುಹೋದರು.

ಮೂರಕ್ಕೆ ಐದು ನಿಮಿಷವಿತ್ತು. ಎರಡನೆಯ ವಿಘ್ನ ರಂಜನಾಳ ರೂಪದಲ್ಲಿ ಫೋನಿನ ಬಳಿ ಕುಳಿತಿತ್ತು. ಆಫೀಸಿನ ಫೋನು, ಟೈಪು, ಚಹದ ಲೆಕ್ಕ ಎಲ್ಲ ನೋಡಿಕೊಳ್ಳುತ್ತಿದ್ದ ರಂಜನಾ ನಿಪ್ಪಾಣಿಯವಳು. ಹಬ್ಬದ ಬಿಡುವಿನಲ್ಲಿ ಕೊಲ್ಹಾಪುರದ ಗೆಳತಿಯೊಡನೆ ಮರಾಠಿಯಲ್ಲಿ ಸೀರೆಯ ಮಾತಿಗಿಳಿದಿದ್ದಳು. ಕಂಪ್ಯೂಟರಿನಿಂದ ಪತ್ರ ಹೋಗಬೇಕಾದದ್ದೂ ಅದೇ ಫೋನಿನ ತಂತಿಯಲ್ಲಿ.

“ರಂಜನಕ್ಕ, ಸ್ವಲ್ಪ ಫೋನ್ ಬಿಡ್ರಿ.”

ರಂಜನಾ ಫೋನಿನ ಬಾಯಿಗೆ ಕೈ ಮುಚ್ಚಿದಳು. “ಯಾಕ? ಬೆಳಗಾವಿಯಿಂದ ಆಕಿ ಮಾಡಾಕಿದ್ದಾಳೇನು?”

“ಹಂಗೇನಿಲ್ರಿ.”

“ಹಂಗೇನಿಲ್ಲ ಅನ್ನೂವಾಗ ಕಿವಿ ಯಾಕ ಕೆಂಪಾಗ್ತಾವ?” ಎಂದು ನಕ್ಕು ಮತ್ತೆ ಫೋನಿಗೆ ಹೊರಳಿದಳು. “ಹೋ ಗಂ, ಜರೀಚಾ ಕಾಠ… ಹೋ, ಹೋ…”

ಅಂಚಿನ ಜರಿಯಿಂದ ಸೆರಗಿಗೆ, ಸೆರಗಿನಿಂದ ಕುಪ್ಪಸಕ್ಕೆ ಮಾತು ಹರಿಯಿತು. ಮೂರೂ ಹತ್ತು. ಮೂರೂ ಹದಿನಾಲ್ಕು. ಮಾಂತು ಗೋಡೆಯ ಗಡಿಯಾರವನ್ನೂ ರಂಜನಾಳನ್ನೂ ಸರದಿಯಂತೆ ನೋಡುತ್ತ, ಟೆನಿಸ್ ಆಟದ ಪ್ರೇಕ್ಷಕನಂತೆ ಕತ್ತು ಹೊರಳಿಸುತ್ತಿದ್ದ.

ಸರಿಯಾಗಿ ಮೂರೂ ಕಾಲಿಗೆ ಲಕ್ಷ್ಮಿ ಮಾಯವಾದಳು.

ಮೊದಲು ವರ್ಡ್ ತೆರೆದುಕೊಂಡಿತು. ಅದರ ಬೆನ್ನಿಗೇ ಎಕ್ಸೆಲ್ಲಿನ ಚೌಕುಳಿ ಹಾಳೆ ಬಂತು. ಕಾಣದಂತೆಯೂ ಅದನ್ನು ಎಬ್ಬಿಸಬಹುದಾಗಿತ್ತು. ಆದರೆ ತನ್ನ ಎಂಟು ಸಂಜೆಯ ದುಡಿಮೆಯನ್ನು ಕಣ್ತುಂಬ ನೋಡುವ ಆಸೆಯಿಂದ ಮಾಂತು ಎಲ್ಲವೂ ಕಾಣಿಸಲಿ ಎಂದು ಬರೆದಿದ್ದ. ಪತ್ರದಲ್ಲಿ ಅಕ್ಷರಗಳು ತಾವೇ ಮೂಡತೊಡಗಿದವು: ಲಾರಿ ಮೂರು, ಪೆಟ್ಟಿಗೆ ಎರಡು ಸಾವಿರದ ನಾಲ್ಕು ನೂರು.

ಅದನ್ನು ಮೊದಲು ಕಂಡವನು ಹುಲಿಗೆಪ್ಪ. ಕುರ್ಚಿಯಿಂದ ಅರ್ಧ ಎದ್ದು, ಅಲ್ಲೇ ನಿಂತುಬಿಟ್ಟ. ಆಮೇಲೆ ಕಟ್ಟಡದ ಎರಡೂ ಮಜಲಿಗೆ ಕೇಳುವಂತೆ ಕೂಗಿದ: “ಅವ್ವಾರ! ಓಡಿ ಬರ್ರಿ! ಮಷೀನಿಗೆ ಮೈಯಾಗ ಬಂದದ!”

“ಅಗಂ ಬಾಯೀ!” ಎಂದು ರಂಜನಾ ಫೋನು ಕುಕ್ಕಿ ಎದ್ದಳು. ಇಪ್ಪತ್ತು ನಿಮಿಷದಿಂದ ಮಾಂತುವಿಗೆ ಸಾಧ್ಯವಾಗದ್ದನ್ನು ಹುಲಿಗೆಪ್ಪ ಒಂದೇ ಕೂಗಿನಲ್ಲಿ ಸಾಧಿಸಿದ್ದ.

ಬಸವಣ್ಣೆವ್ವ ಹದಿನಾಲ್ಕು ಹೆಜ್ಜೆಯನ್ನು ಏಳರಲ್ಲಿ ಮುಗಿಸಿ ಬಂದರು. “ಯಾರ ಮುಟ್ಟಿದ್ರು?”

“ಯಾರೂ ಇಲ್ರಿ ಅವ್ವಾರ, ನನ್ನ ಕಣ್ಣಾಣಿ! ಮಾಂತು ಅಲ್ಲಿ ಗ್ವಾಡಿ ಕಡೆ ನಿಂತಿದ್ದ. ಅದು ತಾನಾ ಎದ್ದು, ತಾನಾ ಬರ್ಯಾಕ ಹತ್ತೇದ.”

ಎಲ್ಲರೂ ಪರದೆಯನ್ನು ನೋಡಿದರು. ಮಾಂತುವೂ ನೋಡಿದ. ಪತ್ರ ಸಿದ್ಧವಾಗಿತ್ತು. ಆದರೆ ಅದರ ನಡುಮಧ್ಯೆ ಒಂದು ಬೂದು ಚೌಕಟ್ಟು ಬಂದು ಕುಳಿತಿತ್ತು. ‘ಕಳಿಸಲೇ?’ ಎಂದು ಇಂಗ್ಲಿಷಿನಲ್ಲಿ ಪ್ರಶ್ನೆ. ಕೆಳಗೆ ‘ಯೆಸ್’, ‘ನೋ’.

ಎಂಟು ದಿನ ಪರೀಕ್ಷೆ ಮಾಡುವಾಗ, ಅರೆಬರೆ ಪತ್ರ ಅಕಸ್ಮಾತ್ ಚಾಕಣಕ್ಕೆ ಹೋಗದಿರಲೆಂದು ಅವನೇ ಆ ಪ್ರಶ್ನೆಯನ್ನು ಸೇರಿಸಿದ್ದ. ನಿನ್ನೆ ತೆಗೆಯಬೇಕೆಂದುಕೊಂಡವನು ಬಸ್ ಟಿಕೀಟಿನ ಸಂಭ್ರಮದಲ್ಲಿ ಮರೆತಿದ್ದ. ಈಗ ಎಂಟರ್ ಗುಂಡಿಯನ್ನು ಒಮ್ಮೆ ಒತ್ತಿದರೆ ‘ಯೆಸ್’. ಒತ್ತದಿದ್ದರೆ ಅದು ನಾಳೆ ಬನ್ನಿ ಹಂಚುವವರೆಗೂ ‘ಕಳಿಸಲೇ?’ ಎಂದು ವಿನಯದಿಂದ ಕಾಯುತ್ತಲೇ ಇರುತ್ತದೆ.

“ಏನ ಕೇಳಾಕತ್ತದದು?” ಎಂದರು ಬಸವಣ್ಣೆವ್ವ.

“ಏನಿಲ್ರಿ… ಸುಮ್ನ, ಅಪ್ಪಣಿ ಕೇಳ್ತದ.”

“ಕೇಳ್ಲಿ. ನಾಳಿ ಕೊಡೂಣು.”

ಅವರು ಅಲ್ಲೇ ಕುರ್ಚಿ ಎಳೆದು ಕುಳಿತುಬಿಟ್ಟರು. ಈಗ ಕಾವಲಿಗೆ ಇಬ್ಬರಾದರು.

ಮೂರೂವರೆ. ಮಾಂತು ಕಿಟಕಿ ತೆರೆದು ಬಂದ, ಗಾಳಿಗೆ ಹೂವೊಂದು ಎಂಟರ್ ಮೇಲೆ ಬಿದ್ದೀತೆಂದು. ಹೂವಿನ ಎಸಳೊಂದು ಹಾರಿಬಂದು ಹುಲಿಗೆಪ್ಪನ ಮೀಸೆಯ ಮೇಲೆ ಬಿತ್ತು. ಫ್ಯಾನಿನ ವೇಗ ಹೆಚ್ಚಿಸಿದ. ಅಕ್ಷತೆಯ ನಾಲ್ಕು ಕಾಳು ಅತ್ತಿತ್ತ ಸರಿದು, ಯಾವ ಗುಂಡಿಯನ್ನೂ ಅಲುಗಿಸದೆ ತಣ್ಣಗಾದವು. ಮೇಜಿಗೆ ಎಡವಿದಂತೆ ಮಾಡಿ ನೋಡಿದ. ಮೌಸಿನ ಮೇಲಿನ ಲಿಂಬೆಹಣ್ಣು ಅಲುಗಲಿಲ್ಲ, ಮೊಣಕಾಲು ಮಾತ್ರ ಊದಿಕೊಂಡಿತು.

“ಬೆಕ್ಕು ಹಾಲಿನ ಗಡಿಗಿ ಸುತ್ತ ಸುತ್ತಿದಂಗ ಸುತ್ತಾಕತ್ತಾನ ನೋಡ್ರಿ” ಎಂದು ಹುಲಿಗೆಪ್ಪ ವರದಿ ಒಪ್ಪಿಸಿದ.

“ದೂರ ನಿಂದ್ರೋ” ಎಂದರು ಬಸವಣ್ಣೆವ್ವ.

ಮೂರೂ ಮುಕ್ಕಾಲು. ಮೂರೂ ಐವತ್ತು. ಮಾಂತುವಿನ ಕಣ್ಣ ಮುಂದೆ ಹುಬ್ಬಳ್ಳಿಯ ಬ್ಯಾಂಕಿನ ಹುಡುಗ ಹೊಸ ಕೋಟು ತೊಟ್ಟು, ರೇಣು ತಂದ ಅವಲಕ್ಕಿಯ ತಟ್ಟೆಗೆ ಕೈ ಹಾಕುತ್ತಿದ್ದ. ಹತಾಶನಾಗಿ ಕೀಬೋರ್ಡನ್ನು ನೋಡಿದ. ನಾಲ್ಕು ಮೂಲೆಯಲ್ಲಿ ನಾಲ್ಕು ಕುಂಕುಮದ ಬೊಟ್ಟು. ಅವನ್ನೇ ನೋಡುತ್ತಿದ್ದವನಿಗೆ ಥಟ್ಟನೆ ಹೊಳೆಯಿತು.

“ಅವ್ವಾರ,” ಎಂದ, ಧ್ವನಿ ತಗ್ಗಿಸಿ, “ಅದು ಯಾಕ ಎದ್ದು ಕುಂತದಂತ ಈಗ ತಿಳೀತರಿ. ಪೂಜಿಯೊಳಗ ಒಂದು ಕೊರತಿ ಆಗೇದ.”

ಬಸವಣ್ಣೆವ್ವ ಸೆಟೆದು ಕುಳಿತರು. ಅರವತ್ತು ವರ್ಷದಲ್ಲಿ ಅವರ ಪೂಜೆಯಲ್ಲಿ ಕೊರತೆ ಹುಡುಕಿದವರಿರಲಿಲ್ಲ. “ಏನ ಕೊರತಿ?”

“ಬಲಗಡೆ ಆ ಉದ್ದನ್ನ ಗುಂಡಿ ಅದ ನೋಡ್ರಿ, ಅದು ಎಲ್ಲಾ ಗುಂಡಿಗೂ ಹಿರೇದು. ಉಳದವು ಎಷ್ಟ ಬಡಕೊಂಡ್ರೂ ಅದು ಹೂಂ ಅನ್ನೂತನಕ ಒಂದ ಕೆಲಸಾನೂ ಆಗೂದಿಲ್ರಿ. ಅದಕ್ಕ ಕುಂಕುಮ ಹತ್ತಿಲ್ಲ.”

ತಾನು ಹೂಂ ಎನ್ನುವವರೆಗೆ ಮನೆಯಲ್ಲಿ ಯಾವ ಕೆಲಸವೂ ಆಗಬಾರದೆಂಬ ನಿಯಮದವರೇ ಆದ ಬಸವಣ್ಣೆವ್ವನಿಗೆ ಆ ಗುಂಡಿಯ ನೋವು ಕೂಡಲೇ ಅರ್ಥವಾಯಿತು. “ಅಯ್ಯ ಶಿವನ! ಮನಿ ಹಿರೇರನ್ನ ಬಿಟ್ಟು ಪೂಜಿ ಮಾಡೀನೇನು? ಅದಕ್ಕ ಸಿಟ್ಟ ಬಂದದ. ರಂಜನಾ, ಕುಂಕುಮದ ಭರಣಿ ತಾ.”

“ಅವ್ವಾರ, ಮುಟ್ಟಬಾರ್ದಂತ ಅಂದಿದ್ರಿ…” ಎಂದು ಹುಲಿಗೆಪ್ಪ ಬಾಯಿ ಹಾಕಿದ. ಮಾಂತುವಿಗೆ ಆ ಕ್ಷಣದಲ್ಲಿ ಉಗ್ರಾಣಕ್ಕೆ ಬೆಂಕಿ ಹಚ್ಚಬೇಕೆನ್ನಿಸಿತು.

“ಪೂಜಿ ಮಾಡಾಕ ಮುಟ್ಟೂದು ಬ್ಯಾರೆ, ಕೆಲಸ ಮಾಡಾಕ ಮುಟ್ಟೂದು ಬ್ಯಾರೆ. ಸುಮ್ನಿರು.”

ಗಡಿಯಾರ ಮೂರೂ ಐವತ್ತಾರು ತೋರಿಸುತ್ತಿತ್ತು. ಬಸವಣ್ಣೆವ್ವ ಉಂಗುರಬೆರಳನ್ನು ಕುಂಕುಮದಲ್ಲಿ ಅದ್ದಿದರು. ಕಣ್ಣು ಮುಚ್ಚಿ ಏನೋ ಗೊಣಗಿದರು. ಎಂಟರ್ ಗುಂಡಿಯ ಮೇಲೆ ಬೆರಳಿಟ್ಟು, ಹಿರಿಯರಿಗೆ ಸಲ್ಲಬೇಕಾದಷ್ಟು ಗೌರವದಿಂದ ಗಟ್ಟಿಯಾಗಿ ಒತ್ತಿದರು.

ಚೌಕಟ್ಟು ಮಾಯವಾಯಿತು. ಔಟ್‌ಲುಕ್ ಬಂತು. ಆಮೇಲೆ ಮೇಜಿನ ಮೂಲೆಯಲ್ಲಿದ್ದ ಮೋಡೆಮ್ ಟಕಟಕನೆ ನಂಬರು ತಿರುಗಿಸಿ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು: ಕ್ರೀಂ… ಖರ್ರ್… ಟಣಂಗ್ ಟಣಂಗ್… ಖಸ್ಸ್…

“ಕುಂಕುಮ ಕಣ್ಣಾಗ ಬಿತ್ತೋ ಏನೋ!” ಎಂದು ಬಸವಣ್ಣೆವ್ವ ಎರಡು ಹೆಜ್ಜೆ ಹಿಂದೆ ಸರಿದರು. ಹುಲಿಗೆಪ್ಪ ಕುರ್ಚಿಯ ಹಿಂದೆ ಅಡಗಿದ್ದ. ಕಿರುಚಾಟ ನಿಂತಿತು. ಪತ್ರ ಹೋಯಿತು. ಮ್ಯಾಕ್ರೋದ ಕೊನೆಯ ಸಾಲಿನ ಪ್ರಕಾರ ಎಲ್ಲ ಕಿಟಕಿಗಳೂ ಒಂದೊಂದಾಗಿ ಮುಚ್ಚಿಕೊಂಡು, ಲಕ್ಷ್ಮಿ ಮತ್ತೆ ಕಾಣಿಸಿದಳು.

“ಶಾಂತ ಆತು,” ಎಂದರು ಬಸವಣ್ಣೆವ್ವ, ಕಣ್ಣಲ್ಲಿ ನೀರು ತಂದುಕೊಂಡು. “ಪಾಪ, ಎಷ್ಟ ಹೊತ್ತಿನಿಂದ ಕಾಯಾಕತ್ತಿತ್ತೋ.”

ಮಾಂತು ಕಿಸೆಯ ಮೇಲೆ ಕೈಯಿಟ್ಟುಕೊಂಡ. ಟಿಕೀಟು ಬೆಚ್ಚಗಿತ್ತು.

ನಾಲ್ಕೂ ಕಾಲಿಗೆ ಶಿವಪ್ಪನವರು ಬರುವುದಕ್ಕೂ ಫೋನು ಬಡಿಯುವುದಕ್ಕೂ ಸರಿಹೋಯಿತು. ಚಾಕಣದಿಂದ ಫೋನು. ಪತ್ರ ಮೂರೂ ಐವತ್ತೆಂಟಕ್ಕೆ ತಲುಪಿದೆ, ನಾಳಿನ ಮೂರು ಲಾರಿಗೆ ಗೇಟ್ ನಂಬರು ಬರೆದುಕೊಳ್ಳಿ.

ಫೋನು ಇಟ್ಟ ಶಿವಪ್ಪನವರ ಮುಖ ಮೊದಲು ಅರಳಿತು, ಆಮೇಲೆ ತಾಯಿಯನ್ನು ನೋಡಿ ಬಾಡಿತು. “ಮಾಂತೂ, ಪೂಜಿ ಆದಮ್ಯಾಲೆ ಮುಟ್ಟಿದಿ?”

“ಮುಟ್ಟಿಲ್ರಿ ಸಾವ್ಕಾರ್ರ.”

“ಮುಟ್ಟದ ಪತ್ರ ಹೆಂಗ ಹೋತು? ಹಾರಿ ಹೋತೇನು?”

“ನನ್ನ ಫೋನ್ ಬಿಡಿಸಾಕತ್ತಿದ್ದ” ಎಂದಳು ರಂಜನಾ.

“ಮೇಜಿಗಿ ಒದ್ದ” ಎಂದ ಹುಲಿಗೆಪ್ಪ.

ಬಸವಣ್ಣೆವ್ವನ ಹುಬ್ಬು ಗಂಟಿಕ್ಕಿತು. ಪೂಜೆಗೆ ಕುಳಿತ ಆಯುಧವನ್ನು ಮುಟ್ಟಿದವನಿಗೆ ಈ ಮನೆಯಲ್ಲಿ ರಜೆಯಿರಲಿ, ನೀರೂ ಸಿಗುವುದಿಲ್ಲ. ಮಾಂತು ಜೀವ ಒತ್ತೆಯಿಟ್ಟು ವಾದಿಸಿದ. ಅಕ್ಷತೆ ತೋರಿಸಿದ. ಮೌಸಿನ ಮೇಲೆ ಅಲುಗದೆ ಕುಳಿತ ಲಿಂಬೆಹಣ್ಣು ತೋರಿಸಿದ. ಮ್ಯಾಕ್ರೋ ಎಂದರೇನು, ವರ್ಡ್ ಹೇಗೆ ಎಕ್ಸೆಲ್ಲನ್ನೂ ಔಟ್‌ಲುಕ್ಕನ್ನೂ ಎಬ್ಬಿಸುತ್ತದೆ ಎಂದು ಪುಸ್ತಕ ತೆರೆದು ವಿವರಿಸಿದ. ನಾಳೆ ಮೂರೂ ಕಾಲಿಗೂ ಅದು ತಾನೇ ಎದ್ದು ದುಡಿಯುತ್ತದೆಂದೂ, ನಡುವಿನ ಪ್ರಶ್ನೆಯನ್ನು ಬೆಳಿಗ್ಗೆ ಬನ್ನಿ ಹಂಚಿದ ಮೇಲೆ ಫೋನಿನಲ್ಲಿ ಹೇಳಿ ರಂಜನಾಳಿಂದ ತೆಗೆಸುವುದಾಗಿಯೂ ಹೇಳಿದ. ಕೊನೆಗೆ ಎದೆ ತಟ್ಟಿಕೊಂಡು ನುಡಿದ:

“ಶಿವನಾಣಿ ಅವ್ವಾರ, ಮಧ್ಯಾಹ್ನದಿಂದ ನಾ ಒಂದ ಬೆರಳೂ ಅಲ್ಲಾಡ್ಸಿಲ್ಲ. ಎಲ್ಲಾ ಕೆಲಸ ಅದ ಮಾಡೇದ!”

ಶಿವಪ್ಪನವರು ತಲೆದೂಗಿದರು. ಹುಲಿಗೆಪ್ಪ ಕೂಡ, ತಾನು ಕಣ್ಣು ಮಿಟುಕಿಸದೆ ಕಾದದ್ದು ನಿಜವೆಂದೂ ಯಂತ್ರವನ್ನು ಮಾಂತು ಮುಟ್ಟಿಲ್ಲವೆಂದೂ ಸಾಕ್ಷಿ ಹೇಳಿದ. ಮಾಂತು ಗೆದ್ದ.

ಬಸವಣ್ಣೆವ್ವ ಮಾತ್ರ ಯೋಚನೆಯಲ್ಲಿ ಮುಳುಗಿದ್ದರು. “ಹಂಗಾದ್ರ ಇವತ್ತ ಯಾರ ದುಡದ್ರು?”

“ಮಷೀನರಿ ಅವ್ವಾರ.”

“ವರ್ಷಕ್ಕ ಒಂದ ದಿನ ಅದಕ್ಕ ವಿಶ್ರಾಂತಿ. ಆ ದಿನಾನೂ ನೀ ಅದನ್ನ ದುಡಿಸೀದಿ. ಅದಕ್ಕ ಅದು ಅಷ್ಟು ಚೀರಿತು.” ಅವರು ಮಾನಿಟರಿನ ತಲೆ ಸವರಿದರು. “ಶಿವಪ್ಪಾ, ಇವತ್ತಿನ ವಿಶ್ರಾಂತಿ ಇದಕ್ಕ ನಾಳಿ ಕೊಡು. ನಾಳಿ ದಿನಾಪೂರ್ತಿ ಇದನ್ನ ಯಾರೂ ಮುಟ್ಟಬಾರ್ದು, ಇದೂ ತಾನಾ ಏಳಬಾರ್ದು.”

“ನಾಳಿ ಪತ್ರ, ಅವ್ವಾ?”

“ಕೈಲೆ ಬರದು ಚಾಕಣಕ್ಕ ಒಯ್ದು ಕೊಡಬೇಕು. ಮೊದ್ಲ ಹಂಗ ಮಾಡ್ತಿದ್ದಿಲ್ಲೇನು? ಮಾಂತು ಹೋಗ್ತಾನ.”

“ಅವ್ವಾರ! ನನ್ನ ಸೂಟಿ…”

“ನಿಂದು ಇವತ್ತ ಆತಲ್ಲಪಾ. ಬೆರಳ ಅಲ್ಲಾಡ್ಸಿಲ್ಲಂತ ಶಿವನಾಣಿ ಮಾಡಿ ನೀನ ಹೇಳೀದಿ. ಇವತ್ತ ಅದು ದುಡೀತು, ನೀ ಕುಂತಿ. ನಾಳಿ ಅದು ಕುಂದರ್ತದ, ನೀ ದುಡಿ.”

ಮಾಂತು ಬಾಯಿ ತೆರೆದ. ಯಂತ್ರವನ್ನು ದುಡಿಸಿದ ಬೆರಳು ಯಾವುದೆಂದು ಹೇಳಿಬಿಡುವ ಮಾತು ತುಟಿಯವರೆಗೆ ಬಂತು. ಬಸವಣ್ಣೆವ್ವನ ಉಂಗುರಬೆರಳು ಇನ್ನೂ ಕೆಂಪಗಿತ್ತು. ಆ ಮಾತು ಆಡಿದರೆ ಬೆಳಗಾವಿಯ ಜೊತೆಗೆ ಬಿಬವೇವಾಡಿಯ ಕೆಲಸವೂ ತಪ್ಪುತ್ತದೆ. ಬಾಯಿ ಮುಚ್ಚಿಕೊಂಡ.

ಶಿವಪ್ಪನವರು ತಾಯಿಯ ಅಪ್ಪಣೆಯಂತೆ ಗೋಡೆಯ ಬಳಿ ಹೋಗಿ ಪ್ಲಗ್ಗು ಕಿತ್ತರು. ಲಕ್ಷ್ಮಿ ಆರಿದಳು.

“ಹುಲಿಗೆಪ್ಪ ಮಾತ್ರ ಹನ್ನೆರಡರಿಂದ ಎವಿ ಬಡೀದ ಕಾವಲ ಕುಂತಾನ,” ಎಂದರು ಬಸವಣ್ಣೆವ್ವ. “ಅವಂಗೂ ಒಂದ ದಿನ ವಿಶ್ರಾಂತಿ ಕೊಡು. ಅವನ ಊರು ಬೆಳಗಾವಿ ಕಡೇನ ಅದಲ್ಲ?”

“ಹೌದ್ರಿ ಅವ್ವಾರ, ಅಲ್ಲೇ ಹಿರೇಬಾಗೇವಾಡಿ. ಆದ್ರ ಹಬ್ಬದಾಗ ಬಸ್ಸಿಗೆ ಟಿಕೀಟ ಎಲ್ಲಿ ಸಿಗ್ತದ್ರಿ?”

ಎಲ್ಲರ ಕಣ್ಣೂ ಟಿಕೀಟಿನ ತುದಿ ಇಣುಕುತ್ತಿದ್ದ ಮಾಂತುವಿನ ಕಿಸೆಯತ್ತ ಹೊರಳಿದವು. ಮಾಂತು ಟಿಕೀಟು ತೆಗೆದು ಕೊಟ್ಟ. ಹುಲಿಗೆಪ್ಪ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ.

“ಖಿಡಕಿ ಕಡೆ ಸೀಟ ಅದೇನಪಾ?” ಎಂದ.